ಹಂಚು ಕಾಣದ ನಂಗ್ ಮೀನು

ನಾನು ನಿಂತಿದ್ದು ಯಾದಗಿರಿಯ ನಮ್ಮ ಮನೆಯ ಅಡಿಗೆಮನೆ ಬಾಗಿಲಲ್ಲಿ, ಹೊಸ್ತಿಲಿನ ಹೊರಗೆ. ಕನ್ನಡ ಜಿಲ್ಲೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ ಮರುವರ್ಷ, ಚಳಿಗಾಲದ ಒಂದು ಬೆಳಿಗ್ಗೆ. ಒಲೆಯೂ ಅವ್ವನ ಕೈಯೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಮುಂದಿನ ಖೋಲಿಯಲ್ಲಿ ಮಂಗಳೂರು ಕಡೆಯ ಓವರ್‌ಸಿಯರ್ ಬಾಡಿಗೆಗಿದ್ದರು. ಹೊಸ ರಾಜ್ಯ ಅವರನ್ನು ಇಷ್ಟು ದೂರ ವರ್ಗ ಮಾಡಿತ್ತು. ಅವರ ಹೆಂಡತಿ ಬಸುರಿ. ಏನುಂಡರೂ ನಿಲ್ಲುತ್ತಿರಲಿಲ್ಲ, ದಿನದಿನಕ್ಕೆ ಸೊರಗುತ್ತಿದ್ದರು. ಬಾಯಿಬಿಟ್ಟು ಕೇಳಿದ್ದು ಒಂದೇ: ನಂಗ್ ಮೀನು, ಅವರ ಕಡಲಿನ ನಾಲಿಗೆಯಂಥ ಚಪ್ಪಟೆ ಮೀನು. ನಾನು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದೆ. ಬೊಂಬಾಯಿ ಗಾಡಿಯಲ್ಲಿ ಅಡಿಗೆ ಮಾಡುವವನನ್ನು ಕಾಡಿ ಬೇಡಿ, ಬರ್ಫಿನ ಗಡ್ಡೆಯಲ್ಲಿಟ್ಟು ತರಿಸಿದೆ.

ಅವ್ವ ಮೀನನ್ನು ಮಗುಚಿ ನೋಡಿದಳು. "ಎರಡೂ ಕಣ್ಣು ಒಂದ ಕಡಿ ಅದಾವಲ್ಲೋ! ಇದರ ಇನ್ನರ್ಧ ಯಾರು ತಿಂದ್ರು?"

ಓವರ್‌ಸಿಯರರ ಹೆಂಡತಿ ನಕ್ಕರು. "ನಾನೇ ಮಾಡ್ತೇನೆ ಅಮ್ಮ. ಉಪ್ಪು, ಅರಿಶಿನ, ಮೇಲೆ ಚೂರು ರವೆ. ಹಂಚಿನ ಮೇಲೆ ಎರಡೂ ಬದಿ ಕಾಯಿಸಿದರೆ ಆಯ್ತು."

"ಬಸುರಿ ತನ್ನ ಬಯಕಿ ತಾನ ಬೇಯಿಸ್ಕೊಂಡು ಉಣ್ತಾಳೇನವ್ವ? ಊರಾಗ ನಾಕು ಮಂದಿ ನನ್ನ ಮಾರಿಗೆ ಉಗುಳ್ತಾರ. ನೀ ಸುಮ್ನ ಕೂಡು."

ಬಯಕೆಯ ಊಟ ಬೇರೆಯವರ ಕೈಯದೇ ಆಗಬೇಕು, ಇದು ನಮ್ಮಲ್ಲಿ ಕಟ್ಟಳೆ. ಸುರಪುರದಲ್ಲಿ ಹುಟ್ಟಿ ಬೆಳೆದ ಅವ್ವನಿಗೆ ಗೊತ್ತಿದ್ದದ್ದು ಕೃಷ್ಣೆಯ ಮೀನು, ಅದರ ಕೆಸರು ವಾಸನೆ. ಆ ವಾಸನೆ ಇದಕ್ಕೂ ಇದ್ದೀತೆಂದು ಜೋಳದ ಹಿಟ್ಟು ಹಾಕಿ ತಿಕ್ಕಿದಳು. ಹುಣಸೆಹುಳಿಯಲ್ಲಿ ನೆನೆಸಿದಳು.

"ಯವ್ವಾ, ಅವರು ಹೇಳಿದಂಗ ಮಾಡು. ಇದು ಭಾಳ ಮೆತ್ತಗಿನ ಮೀನ."

"ಹಡೆದಾಕಿ ನಾನೋ ನೀನೋ? ಹೊರಗ ಹೋಗು."

ನಾನು ಹೋಗಲಿಲ್ಲ. ಕೆಂಪು ಖಾರದ ಸಾರು ಕುದಿಯಿತು, ಮೀನು ಬಿತ್ತು, ಮುಚ್ಚಳ ಮುಚ್ಚಿತು. ಎಲುಬು ಮೆತ್ತಗಾಗಲಿ ಎಂದು ಅವ್ವ ಇನ್ನೊಂದು ಕಟ್ಟಿಗೆ ತುರುಕಿದಳು. ಮುಚ್ಚಳ ತೆಗೆದಾಗ ಸೌಟಿಗೆ ಬಂದದ್ದು ಬಾಚಣಿಗೆಯಂಥ ಮುಳ್ಳಿನ ಸಾಲು ಮಾತ್ರ. ಆ ಬಿಳಿ ಮಾಂಸವೆಲ್ಲ ಸಾರಿನಲ್ಲಿ ಕರಗಿಹೋಗಿತ್ತು.

ಓವರ್‌ಸಿಯರರ ಹೆಂಡತಿ ಅನ್ನಕ್ಕೆ ಅದನ್ನೇ ಕಲಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ತಾಟು ಬರಿದು ಮಾಡಿದರು.

"ಚೊಲೋ ಆಗ್ಯಾದೇನವ್ವ?"

"ತುಂಬಾ ಒಳ್ಳೆಯದಾಗಿದೆ ಅಮ್ಮ."

ಅವ್ವ ನನ್ನ ಕಡೆ ತಿರುಗಿ, "ಕೇಳಿದ್ಯಲ್ಲೋ?" ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಅವರು ಹಿತ್ತಲಿಗೆ ಹೋಗಿ, ಉಂಡದ್ದನ್ನೆಲ್ಲ ಬಚ್ಚಲಲ್ಲಿ ಕಾರಿದರು. ನಾನು ಕಂಡೆ. ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನ ತಂಗಿಯೂ ಕಂಡಳು. "ಅಮ್ಮನಿಗೆ ಹೇಳಬೇಡಿ" ಎಂದರು. ನಾವು ಹೇಳಲಿಲ್ಲ. ಅವ್ವ ಈಗಿಲ್ಲ. ತಂಗಿ ಶಹಾಪುರದಲ್ಲಿ ಇದ್ದಾಳೆ, ನಂಬದಿದ್ದರೆ ಅವಳನ್ನು ಕೇಳಿ.