ಕ್ಯಾಂಟೀನಿನಲ್ಲಿ ನಡೆಯುತ್ತಿದ್ದ ಷೇರುದಾರರ ಸಭೆ

ಇವತ್ತು ಬೆಳಿಗ್ಗೆ ಬ್ರೂಕ್‌ಫೀಲ್ಡಿನ ಹೋಟೆಲಿನಲ್ಲಿ ಕೇಸರಿಬಾತಿನ ಘಮ ಮೂಗಿಗೆ ಬಡಿದದ್ದೇ, ನನ್ನ ಕೈ ತಾನಾಗಿ ಪಕ್ಕದ ಕುರ್ಚಿಯ ಮೇಲೆ ಬ್ಯಾಗು ಇಟ್ಟಿತು. ಬರುವವರು ಯಾರೂ ಇರಲಿಲ್ಲ. ಒಂಟಿ ಹೆಂಗಸಿನ ಚಾಳಿ ಎಂದು ನೀವು ನಗಬಹುದು. ಇದು ನನಗೆ ಅಂಟಿದ್ದು ಷೇರುಪೇಟೆಯಿಂದ ಎಂದರೆ ಇನ್ನಷ್ಟು ನಗುತ್ತೀರಿ.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಎಲ್ಲರೂ ಕೊಳ್ಳುತ್ತಾರೆಂದು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರ ಷೇರು ಕೊಂಡೆ. ಜೊತೆಗೆ ಪೀಣ್ಯದಲ್ಲೇ ವಾಲ್ವ್ ತಯಾರಿಸುತ್ತಿದ್ದ ಪುಟ್ಟ ಕಂಪನಿಯೊಂದರದನ್ನೂ ಕೊಂಡೆ. ಕಾರಣ ಇಷ್ಟೇ, ನನ್ನ ಬಸ್ಸು ದಿನವೂ ಅದರ ಗೇಟಿನೆದುರು ನಿಲ್ಲುತ್ತಿತ್ತು.

ದೊಡ್ಡ ಕಂಪನಿಯ ವಾರ್ಷಿಕ ಸಭೆಗೆ ಒಮ್ಮೆ ಹೋಗಿ, ಅಧ್ಯಕ್ಷರನ್ನು ಪರದೆಯ ಮೇಲೆ ನೋಡಿ, ತಿಂಡಿಯ ಪೊಟ್ಟಣ ಹಿಡಿದು ಬಂದೆ. ಪುಟ್ಟ ಕಂಪನಿಯ ಸಭೆ ಅದರ ಕ್ಯಾಂಟೀನಿನಲ್ಲೇ ನಡೆಯುತ್ತಿತ್ತು. ಮೂವತ್ತು ಜನ, ಲೆಕ್ಕಪತ್ರಕ್ಕೆ ಮೊದಲೇ ಬಿಸಿ ಕೇಸರಿಬಾತ್. ಅಲ್ಲಿ ನನ್ನ ಪಕ್ಕ ಕುಳಿತವರು ಮುನಿಯಪ್ಪನವರು. ಆ ಜಾಗ ಹಿಂದೆ ಅವರ ರಾಗಿ ಹೊಲವಂತೆ. ಒಳಗೆ ಬರಲು ಒಂದು ನೆಪವಿರಲೆಂದು ಐವತ್ತು ಷೇರು ಕೊಂಡಿದ್ದರು. ಮರುವರ್ಷದಿಂದ ಮೊದಲು ಬಂದವರು ಇನ್ನೊಬ್ಬರಿಗೆ ಕುರ್ಚಿ ಹಿಡಿಯುವುದು ರೂಢಿಯಾಯಿತು. ಅವರು ಟವೆಲ್ ಹಾಕುತ್ತಿದ್ದರು, ನಾನು ಬ್ಯಾಗು ಇಡುತ್ತಿದ್ದೆ. ವರ್ಷದಲ್ಲಿ ಅದೊಂದು ದಿನ ನನಗಾಗಿ ಯಾರೋ ಕಾಯುತ್ತಿದ್ದರು.

ಆ ಪುಟ್ಟ ಷೇರು ಏರಿದರೆ ದೊಡ್ಡದನ್ನು ಎಲ್ಲೋ ಹಿಂದೆ ಬಿಡುತ್ತಿತ್ತು. ಆಗ ಆಫೀಸಿನಲ್ಲಿ ನನ್ನ ಗತ್ತು ನೋಡಬೇಕಿತ್ತು. ಎರಡು ಸಾವಿರದ ಎಂಟರಲ್ಲಿ ಎರಡೂ ಬಿದ್ದವು. ದೊಡ್ಡದನ್ನು ಬಿದ್ದ ಬೆಲೆಗಾದರೂ ಕೊಳ್ಳುವವರಿದ್ದರು, ಅದು ನಿಧಾನಕ್ಕೆ ಚೇತರಿಸಿಕೊಂಡಿತು. ಚಿಕ್ಕದನ್ನು ಕೇಳುವವರೇ ಇಲ್ಲ. ಹೆದರಿ ಮಾರಲು ಹೊರಟರೆ, ಗಿರಾಕಿ ಇಲ್ಲ ಮೇಡಂ ಎಂದು ಬ್ರೋಕರನದು ದಿನವೂ ಅದೇ ರಾಗ. ಮುಂದಿನ ಸಭೆಗೆ ಬಂದವರು ಏಳೇ ಜನ. ಮುನಿಯಪ್ಪನವರು ಕುರ್ಚಿಯಿಂದ ಟವೆಲ್ ತೆಗೆದರು.

“ದೊಡ್ಡದು ಬಿದ್ರೆ ಪೇಪರ್ನಾಗೆ ಬತ್ತದೆ ಕಣಮ್ಮ. ಚಿಕ್ಕದು ಬಿದ್ರೆ ನಾವೇ ಬಂದು ನೋಡ್ಬೇಕು.”

ಮಾರುವ ಯೋಚನೆ ಅಂದೇ ಬಿಟ್ಟೆ.

ಕೆಲವು ವರ್ಷಗಳ ಮೇಲೆ ಹೊರಗಿನ ದೊಡ್ಡ ಕಂಪನಿಯೊಂದು ಆ ವಾಲ್ವ್ ಕಂಪನಿಯನ್ನೇ ಕೊಂಡಿತು. ನಿಮ್ಮ ಷೇರು ನಮಗೆ ಕೊಡಿ ಎಂದು ಕಾಗದ ಬಂತು. ನಾನು ಕೊಟ್ಟಿದ್ದರ ಹತ್ತು ಪಟ್ಟು ಬೆಲೆ! ನನ್ನ ದೊಡ್ಡ ಷೇರು ಅದರ ಹತ್ತಿರಕ್ಕೂ ಬಂದಿರಲಿಲ್ಲ. ಕೊನೆಯ ಸಭೆಯ ದಿನ ಎಲ್ಲರ ಹಾಗೆ ನಾವಿಬ್ಬರೂ ಸಹಿ ಹಾಕಿದೆವು. ಪೆನ್ನು ಹಿಂದಿರುಗಿಸುತ್ತಾ ಮುನಿಯಪ್ಪನವರು ಕೇಳಿದರು, “ಇನ್ ಮ್ಯಾಕೆ ಒಳಕ್ ಬುಡಾಕಿಲ್ವಾ?” ಬಿಡೋದಿಲ್ಲ ಎಂದು ನಾನು ನಕ್ಕುಬಿಟ್ಟೆ. ಮನೆಯವರೆಗೂ ಬಸ್ಸಿನಲ್ಲಿ ಲಾಭ ಲೆಕ್ಕ ಹಾಕುತ್ತಾ ಬಂದೆ.

ಮರುವರ್ಷ ಸಭೆಯ ಕಾಗದ ಬರಲಿಲ್ಲ. ಆಗ ಹೊಳೆಯಿತು. ಮುನಿಯಪ್ಪನವರ ಮನೆ ಯಾವ ಬೀದಿಯಲ್ಲಿದೆಯೆಂದು ನನಗೆ ಗೊತ್ತಿಲ್ಲ, ಫೋನ್ ನಂಬರೂ ಇಲ್ಲ. ಅಷ್ಟು ವರ್ಷ ನಮ್ಮಿಬ್ಬರನ್ನೂ ಕರೆಯುತ್ತಿದ್ದದ್ದು ಆ ಕಂಪನಿ. ತಡೆಯಲಾರದೆ ಗೇಟಿಗೇ ಹೋದೆ. ಯಾರು ಬೇಕು ಎಂದ ಕಾವಲುಗಾರ. ಮುನಿಯಪ್ಪ ಎಂದೆ.

“ಯಾವ ಡಿಪಾರ್ಟ್‌ಮೆಂಟ್ ಮೇಡಂ?”

ನಾನು ಬಸ್ ಸ್ಟಾಪಿನ ಕಡೆ ತಿರುಗಿದೆ.

ಇವತ್ತು ತಟ್ಟೆ ಹಿಡಿದು ನಿಂತಿದ್ದ ಹೆಂಗಸೊಬ್ಬರು, ಇಲ್ಲಿ ಯಾರಾದರೂ ಬರುತ್ತಾರಾ ಎಂದು ಕೇಳಿದರು. ಇಲ್ಲವೆಂದು ಬ್ಯಾಗು ತೆಗೆದೆ. ಅವರು ಕುಳಿತು ಚಮಚ ಎತ್ತುವ ಮೊದಲೇ ನಾನು ಕೇಳಿಬಿಟ್ಟೆ, “ನಿಮ್ಮ ಮನೆ ಯಾವ ಬೀದೀಲಿ?”