ಸಿದ್ದಮ್ಮನ ಬಾಗಿಲಲ್ಲಿ ಆನೆ

ಬನ್ರವ್ವಾ, ಜಗಲಿ ಮೇಲೆ ಕೂತ್ಕೊಳಿ, ಒಂದು ಮಜಾ ಹೇಳ್ತೀನಿ. ಒಲೆ ಮೇಲೆ ಹಾಲಿಟ್ಟು ಎರಡು ಸಲ ಮರೆತೆ ಅಂತ ನನ್ನ ಮಗ ಮಾದೇವ, 'ಅವ್ವನಿಗೆ ಮರೆವು ಬಂತು, ಇನ್ನು ನರಸೀಪುರದ ಸಂತೆಗೆ ಕಳಿಸಲ್ಲ' ಅಂದುಬಿಟ್ಟ. ನನ್ನ ಜೀವವೇ ಆ ಸಂತೆ! ಪರೀಕ್ಷೆ ಮಾಡಿಸಲು ನಂಜನಗೂಡಿನ ಆಸ್ಪತ್ರೆಗೆ ಕರಕೊಂಡು ಹೋದ.

ಅಲ್ಲೊಬ್ಬಳು ಎಳೇ ಡಾಕ್ಟರಮ್ಮ ಹತ್ತು ಪದ ಓದಿ, 'ವಾಪಸ್ ಹೇಳಿ ಅಜ್ಜಿ' ಅಂದಳು. ಮೂರು ಬಂದವು, ಮಿಕ್ಕಿದ್ದು ಮಾಯ. ಮಾದೇವ ತಲೆ ತಗ್ಗಿಸಿದ.

'ತಾಯಿ, ಇದನ್ನೆಲ್ಲ ಯಾರು ತರಕ್ಕೆ ಹೇಳವ್ರೆ?' ಅಂದೆ.

'ಯಾರೂ ಇಲ್ಲ ಅಜ್ಜಿ, ಬರೀ ಪದ.'

'ಅದ್ಕೇ ತಲೇಲಿ ನಿಲ್ಲಲ್ಲ! ಇನ್ನೊಂದ್ಸಲ ಓದವ್ವ.'

ನನಗೆ ಓದು ಬರಲ್ಲ ನೋಡಿ. ಸಂತೆಗೆ ಹೊರಟಾಗ ಬೀದಿ ಹೆಂಗಸರು ಹೇಳಿದ ಸಾಮಾನನ್ನು ಮನಸ್ಸಿನಲ್ಲೇ ಅವರವರ ಬಾಗಿಲಲ್ಲಿ ಇಟ್ಟುಕೊಂಡು ಹೋಗ್ತೀನಿ. ಅವತ್ತು ಡಾಕ್ಟರಮ್ಮನ ಪದಗಳಿಗೂ ಹಾಗೇ ಮಾಡಿದೆ. ಮೊದಲ ಮನೆ ಕೆಂಪಮ್ಮನಿಗೆ ಗಡಿಯಾರ, ಪಕ್ಕದ ಸಿದ್ದಮ್ಮನಿಗೆ ಆನೆ. ಅವಳ ಬಾಗಿಲು ಕಿರಿದು, ಆನೆ ಸಿಕ್ಕಾಕಿಕೊಂಡಿತು! ಹತ್ತು ಮನೆ ಸುತ್ತಿ ಹತ್ತೂ ಹೇಳಿದೆ. ಬೀದಿಯ ಆ ತುದಿಯಿಂದ ವಾಪಸ್ ಬರುತ್ತಾ ಹಿಂದುಮುಂದಾಗಿಯೂ ಹೇಳಿದೆ.

ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದಳು. 'ಅಜ್ಜಿ, ಈ ಉಪಾಯನ ನಾವು ಪುಸ್ತಕದಲ್ಲಿ ಓದಿದ್ದೀವಿ!'

'ನಿಮ್ ಪುಸ್ತಕದೋರು ಯಾವ ಸಂತೆಗೆ ಓಯ್ತಿದ್ರವ್ವ?'

ಅವಳು ನಗ್ತಾ, ಸಂತೆಗೆ ಕಳಿಸಿ ಅಂತ ಮಗನಿಗೆ ಹೇಳಿದಳು.

ಆ ಡಾಕ್ಟರಮ್ಮ ಈಗ ಮೈಸೂರಲ್ಲಿ ಅವ್ಳೆ, ಅಲ್ಲಿನ ಅಜ್ಜಿಯರಿಗೂ ಮನಸ್ಸಿನಲ್ಲೇ ಬೀದಿ ಸುತ್ತಿಸ್ತಾಳಂತೆ. ಒಲೆ ಸೊಸೆಯ ಪಾಲಾಯ್ತು, ಸಂತೆ ನನ್ನ ಪಾಲಾಯ್ತು. ಮಾದೇವ ಒಂದು ವಾರ ಸಂತೆಗೆ ತಾನೇ ಹೋಗಿಬರ್ತೀನಿ ಅಂತ ಸಾಮಾನಿನ ಚೀಟಿ ಬರೆದುಕೊಂಡು ಹೊರಟ. ಚೀಟಿ ಮನೇಲೇ ಬಿಟ್ಟು ಹೋದ.