ಬಸ್ಸಿನೊಳಗಿನ ಬಾಣಂತನ

೧೯೭೪ರ ಬೇಸಿಗೆ. ಸೊರಬದಲ್ಲಿದ್ದ ನಮ್ಮ ಹುಲ್ಲಿನ ಮನೆ ಹಾಡಹಗಲೇ ಸುಟ್ಟು ಬೂದಿಯಾಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಶಿಕಾರಿಪುರದ ಕಡೆ ಕೊಟ್ಟಿದ್ದ ನಮ್ಮ ಗಿರಿಜಕ್ಕ ಆಗ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಗಂಡನ ಮನೆಯಲ್ಲಿ ಅವಳಿಗೆ ಅತ್ತೆಯಿಲ್ಲ, ನಾದಿನಿಯಿಲ್ಲ, ಬರೀ ಗಂಡಸರು. "ಮನೆನೇ ಇಲ್ದೋರು ಬಾಣಂತನ ಎಲ್ಲಿ ಮಾಡ್ತಾರಂತೆ? ಇಲ್ಲೇ ಯಾರನ್ನಾದ್ರೂ ನೋಡ್ತೀವಿ" ಎಂದು ಅವಳ ಮಾವನವರು ಹೇಳಿಕಳಿಸಿದರು. ಅಕ್ಕ ಮಾತ್ರ, "ಮರದ ಕೆಳಗಾದ್ರೂ ಸರಿ, ನಾನು ಅವ್ವನ ಹತ್ರನೇ ಹೆರೋದು" ಎಂದು ಹಟ ಹಿಡಿದಿದ್ದಳಂತೆ. ಅದನ್ನು ಕೇಳಿದ ದಿನ ಅವ್ವ ಊಟ ಮಾಡಲಿಲ್ಲ.

ಅಪ್ಪನದು ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಪುಟ್ಟ ಚಹಾ ಹೋಟೆಲು. ಅದರ ಹಿಂದಿನ ಚಪ್ಪರದಲ್ಲೇ ನಾವೆಲ್ಲ ಮಲಗುತ್ತಿದ್ದೆವು. ಶಿಕಾರಿಪುರದಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಬಾಷಾಸಾಬರು ಸೊರಬಕ್ಕೆ ಬಂದರೆ ಅಪ್ಪನ ಹತ್ತಿರವೇ ಚಹಾ ಕುಡಿಯುತ್ತಿದ್ದರು. ಸುದ್ದಿ ಕೇಳಿ ಲೋಟ ಕೆಳಗಿಟ್ಟರು.

"ಅಣ್ಣಾರೆ, ನಮ್ ಶೆಡ್ಡಲ್ಲಿ ಇಂಜಿನ್ ಕಿತ್ತ ಹಳೇ ಬಸ್ಸಿನ ಗೂಡೊಂದು ಸುಮ್ನೆ ಬಿದ್ದೈತ್ರಿ. ಇಪ್ಪತ್ತು ದಿನ ಟೈಮ್ ಕೊಡ್ರಿ, ಮನೆ ಮಾಡಿ ತಂದು ಇಳಿಸ್ತೀನಿ."

ಅಪ್ಪ ತಮಾಷೆ ಅಂದುಕೊಂಡ. ಆದರೆ ಲಾರಿ ಮೇಲೆ ನಿಜವಾಗಿಯೂ ಬಸ್ಸು ಬಂತು ನೋಡಿ! ಊರಿಗೆ ಊರೇ ಸೇರಿ ಅದನ್ನು ಸುಟ್ಟ ಮನೆಯ ಕಲ್ಲಿನ ತಳಪಾಯದ ಮೇಲೆ ಇಳಿಸಿತು. ಸೀಟು ಕಿತ್ತು ಹಲಗೆ ಹಾಸಿದ್ದರು. ಬಾಣಂತಿಗೆ ಗಾಳಿ ತಾಗಬಾರದೆಂದು ಹಿಂಭಾಗದ ಕಿಟಕಿಗಳಿಗೆಲ್ಲ ತಗಡು ಹೊಡೆದು, ಅಲ್ಲೇ ಮಂಚವನ್ನೂ ಕೂರಿಸಿದ್ದರು. ನಿಂತ ಪ್ರಯಾಣಿಕರು ಹಿಡಿದುಕೊಳ್ಳುವ ಸರಳನ್ನು ಮಾತ್ರ ಹಾಗೇ ಬಿಟ್ಟಿದ್ದರು. "ಅದು ತೊಟ್ಟಿಲು ಕಟ್ಟಾಕೆ ಕಣಮ್ಮಾ" ಅಂದರು ಸಾಬರು ನನಗೆ.

ಆಮೇಲೆ ಮಂಚದ ಮೇಲ್ಗಡೆ ನೋಡಿದೆ. ಹೊಸ ಬಣ್ಣದ ಮೇಲೆ ದಪ್ಪ ಕೆಂಪಕ್ಷರದಲ್ಲಿ 'ಸ್ತ್ರೀಯರಿಗೆ' ಎಂದು ಬರೆದಿತ್ತು! ನಾನು ಬಿದ್ದು ಬಿದ್ದು ನಕ್ಕೆ. ಸಾಬರು ನಾಲಗೆ ಕಚ್ಚಿಕೊಂಡರು.

"ಯಾ ಅಲ್ಲಾ! ಇಷ್ಟು ವರ್ಷದ ಚಾಳಿ ನೋಡಮ್ಮಾ, ಕೈ ತಾನೇ ಬರ್ದುಬಿಟ್ಟೈತಿ. ನಾಳೆ ಅಳಿಸ್ತೀನಿ."

ನಾಳೆಯವರೆಗೆ ಕಾಯಲು ಪುರುಸೊತ್ತೆಲ್ಲಿ? ಅವತ್ತೇ ಮಧ್ಯಾಹ್ನ ಮಾವನವರು ಅಕ್ಕನನ್ನು ಕರೆದುಕೊಂಡು ಬಂದರು. ಮನೆ ನೋಡಿ ಆಮೇಲೆ ತೀರ್ಮಾನವಂತೆ. ಅಕ್ಕನ ಟ್ರಂಕನ್ನು ಕೆಳಗಿಡದೆಯೇ ಒಳಗೆಲ್ಲ ಓಡಾಡಿ ತಗಡು ಬಡಿದು ನೋಡಿದರು. ಕೊನೆಗೆ ಟ್ರಂಕನ್ನು ತೊಡೆ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತರು.

"ಬಸ್ಸಲ್ಲಿ ಯಾರಾದ್ರೂ ಹೆರ್ತಾರೇನ್ರೀ? ನಡಿ ಗಿರಿಜಾ, ವಾಪಸ್ ಹೋಗಾಣ."

ಅಕ್ಕ ಅಲುಗಲಿಲ್ಲ. ಅವ್ವನ ಕಣ್ಣು ತುಂಬಿಬಿಟ್ಟಿತು. ಅಪ್ಪ ನೆಲ ನೋಡುತ್ತಾ ನಿಂತ. ನನಗೋ ಮೈಯೆಲ್ಲ ಉರಿಯಿತು. ಮೊದಲೇ ನನ್ನದು ತಡೆಯಿಲ್ಲದ ಬಾಯಿ.

"ಮಾವಾರೆ, ಅದು ಹೆಂಗಸರ ಸೀಟು. ಏಳ್ರಿ ಮೇಲೆ!" ಅಂದೆ.

ಮಾವನವರು ಬಸ್ಸಿನಲ್ಲಿ ಎದ್ದುಕೊಡುವ ಹಾಗೆಯೇ, "ಹಾಂ ಹಾಂ, ಬರ್ರಿ" ಎನ್ನುತ್ತಾ ಟ್ರಂಕಿನ ಸಮೇತ ದಡಬಡ ಎದ್ದು ನಿಂತು, ಸರಳು ಹಿಡಿದುಕೊಂಡುಬಿಟ್ಟರು! ಆಮೇಲೆ ತಲೆಯೆತ್ತಿ ಆ ಅಕ್ಷರ ಓದಿದರು. ಅಪ್ಪನಿಗೆ ನನ್ನನ್ನು ಬೈಯಬೇಕೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ ಹೋಗಿ ಆ ಖಾಲಿ ಜಾಗದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಳು.

ಮಾವನವರು ಮೀಸೆಯಡಿ ನಕ್ಕರು. "ಆಯ್ತು ಬಿಡ್ರಿ, ಇಲ್ಲಿ ನಮ್ ಗಂಡಸರ ಮಾತು ನಡಿಯಾಂಗಿಲ್ಲ" ಎಂದು ಟ್ರಂಕನ್ನು ಮಂಚದ ಕೆಳಗೆ ತಳ್ಳಿದರು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಚಹಾಕ್ಕೆ ನೀರಿಟ್ಟಳು.

ಎರಡು ತಿಂಗಳಿಗೆ ಆ ಸರಳಿಗೆ ತೊಟ್ಟಿಲು ಕಟ್ಟಿದೆವು, ಹೆಣ್ಣು ಮಗು. ನಾಳೆ ನಾಳೆ ಎನ್ನುತ್ತಾ ಕೊನೆಗೆ ಆಗ ಬರಹ ಅಳಿಸಲು ಬಂದ ಬಾಷಾಸಾಬರನ್ನು ಅವ್ವ ಬಾಗಿಲಲ್ಲೇ ತಡೆದು, ಸಕ್ಕರೆ ಕೊಟ್ಟು ಕಳಿಸಿದಳು. ಕೆಲವು ವರ್ಷದ ಮೇಲೆ ನನ್ನ ಬಾಣಂತನವೂ ಅದೇ ಅಕ್ಷರದ ಕೆಳಗೆ ಆಯಿತು.

ಅವ್ವನೂ ಸಾಬರೂ ಈಗಿಲ್ಲ. ಇವತ್ತಿಗೂ ಬಸ್ಸು ಹತ್ತಿದರೆ ನನ್ನ ಕಣ್ಣು ಮೊದಲು ಆ ಬರಹವನ್ನೇ ಹುಡುಕುತ್ತದೆ. ಅದರ ಕೆಳಗೆ ಕೂತರೆ ಸಾಕು, ತವರಿಗೆ ಬಂದ ಹಾಗಾಗುತ್ತದೆ.